ಹಸಿರು ತಂತಿಯ ಕಿಲುಬು

‘ಯಾರಾದರೂ ಬಿಡುವಾಗಿದ್ದೀರಾ?’ ಎಂಬ ಪ್ರಶ್ನೆಯನ್ನು ನನ್ನ ಸೋದರತ್ತೆ ಐವತ್ತೆರಡು ವರ್ಷ ಕೇಳಿದರು. ಹೂ ತರಬೇಕೆಂದರೆ ಕೇಳಬೇಕು, ಬ್ಯಾಂಕಿಗೆ ಹೋಗಬೇಕೆಂದರೆ ಕೇಳಬೇಕು, ಮೂರು ಬೀದಿ ಆಚೆಗಿನ ಗೆಳತಿಯ ಮನೆಯ ಅರಿಸಿನ ಕುಂಕುಮಕ್ಕೂ ಕೇಳಬೇಕು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವರ ಎಡಗಾಲು ಸೊರಗಿತ್ತು. ಆಮೇಲೊಂದು ದಿನ ಆ ಪ್ರಶ್ನೆ ಅವರ ಬಾಯಿಂದ ಹೊರಟೇ ಹೋಯಿತು. ಅದನ್ನು ಕಳಿಸಿದ್ದು ಒಂದು ಕೆಂಪು ಬಣ್ಣದ ಬ್ಯಾಟರಿ ಸ್ಕೂಟರ್.

ಮಂಡ್ಯದ ನೂರಡಿ ರಸ್ತೆಯಲ್ಲಿ ಆ ಗಾಡಿಯನ್ನು ನೀವು ನೋಡಿಯೂ ಇರಬಹುದು. ಹಿಂದಿನ ಚಕ್ರದ ಎರಡೂ ಬದಿಗೆ ವೆಲ್ಡಿಂಗ್ ಮಾಡಿಸಿದ ಎರಡು ಪುಟ್ಟ ಚಕ್ರಗಳು, ಮುಂದೆ ತಂತಿಯ ಬುಟ್ಟಿ, ಬುಟ್ಟಿಯಲ್ಲಿ ಮಡಿಸಿಟ್ಟ ಊರುಗೋಲು. 250 ವ್ಯಾಟ್‌ಗಿಂತ ಹೆಚ್ಚಿಲ್ಲದ, ಗಂಟೆಗೆ 25 ಕಿಲೋಮೀಟರ್ ದಾಟದ ಬ್ಯಾಟರಿ ಗಾಡಿಗೆ ನೋಂದಣಿಯೂ ಬೇಡ, ಚಾಲನಾ ಪರವಾನಗಿಯೂ ಬೇಡ ಎಂಬ ನಿಯಮ ಇದ್ದುದರಿಂದಲೇ ಅತ್ತೆ ಧೈರ್ಯ ಮಾಡಿದ್ದು. ಸುಭಾಷ್ ನಗರದ ಖಾಲಿ ರಸ್ತೆಯಲ್ಲಿ ಎಂಟು ದಿನ ಕಲಿತರು. ಒಂಬತ್ತನೆಯ ದಿನ ಪೇಟೆ ಬೀದಿಗೆ ಒಬ್ಬರೇ ಹೋಗಿ ಒಂದು ಕಟ್ಟು ಮೆಂತ್ಯ ಸೊಪ್ಪು ತಂದರು. ಆ ಸೊಪ್ಪನ್ನು ಅವರು ಮೇಜಿನ ಮೇಲೆ ಇಟ್ಟ ಬಗೆ ನನಗೆ ಇನ್ನೂ ನೆನಪಿದೆ.

ಆಮೇಲೆ ಬಲ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಮಗಳು ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ಮೂರು ತಿಂಗಳೆಂದು ಹೋದವರು ಎರಡೂವರೆ ವರ್ಷ ಅಲ್ಲಿಯೇ ಉಳಿದರು. ಸ್ಕೂಟರ್ ಹಿತ್ತಲಿನ ತಗಡಿನ ಚಾವಣಿಯ ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಹಳೆಯ ಬೆಡ್‌ಶೀಟ್ ಹೊದ್ದು ನಿಂತಿತ್ತು. ಮನೆಯ ಬೀಗದ ಕೈ ನನ್ನ ಬಳಿಯೇ ಇತ್ತು. ತಿಂಗಳಿಗೊಮ್ಮೆ ಹೋಗಿ ಕಸ ಗುಡಿಸಿ ಗಿಡಕ್ಕೆ ನೀರು ಹಾಕಿ ಬರುತ್ತಿದ್ದೆ. ಬೆಡ್‌ಶೀಟ್ ಎತ್ತಿ ಗಾಡಿಯನ್ನು ಒಮ್ಮೆಯೂ ನೋಡಲಿಲ್ಲ. ಪಾಲಿಟೆಕ್ನಿಕ್‌ನ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ಹದಿನಾರು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿರುವ ನನಗೆ ಇದು ಈಗಲೂ ಚುಚ್ಚುತ್ತದೆ.

ಕಳೆದ ಡಿಸೆಂಬರ್ ಕೊನೆಯಲ್ಲಿ ಅತ್ತೆ ವಾಪಸು ಬಂದರು. ಬಂದ ಮಾರನೆಯ ದಿನವೇ, ‘ಈ ಸಂಕ್ರಾಂತಿಗೆ ನಾನೇ ಮನೆ ಮನೆಗೆ ಹೋಗಿ ಎಳ್ಳು ಬೀರಬೇಕು. ಗಾಡಿ ನೋಡಿಕೊಡು ಮಗಳೇ’ ಎಂದರು.

ಬೆಡ್‌ಶೀಟ್ ಎಳೆದಾಗ ಮೊದಲು ಕಂಡದ್ದು ಚಾರ್ಜ್ ಮಾಡುವ ಸಾಕೆಟ್ಟಿನ ಬಾಯಿ. ಅದರಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಎಷ್ಟು ಒಪ್ಪವಾಗಿತ್ತೆಂದರೆ, ಕುಂಬಾರರು ಬೆರಳಿನಿಂದ ಸವರಿ ಮುಚ್ಚಿದಂತೆ. ಸೀಟಿನ ಕೆಳಗೆ ಇಲಿಯ ಹಿಕ್ಕೆ, ಕಡಿದ ನಾರು, ಅರ್ಧ ತಿಂದ ಅವರೆಕಾಯಿ. ಹಾರ್ನಿನ ತಂತಿಯೊಂದರ ಹೊದಿಕೆ ಹೋಗಿ ತಾಮ್ರ ಕಾಣುತ್ತಿತ್ತು. ಎರಡೂ ಟೈರು ನೆಲಕ್ಕೆ ಕುಸಿದಿದ್ದವು. ಇವೆಲ್ಲದರ ನಡುವೆ ನನ್ನ ಎದೆ ಧಸಕ್ಕೆಂದದ್ದು ಎಂಸಿಬಿಯನ್ನು ನೋಡಿ. ಬ್ಯಾಟರಿಯ ಸಂಪರ್ಕವನ್ನೇ ಕಡಿಯುವ, ಸೀಟಿನ ಕೆಳಗಿನ ಆ ಕಪ್ಪು ಸ್ವಿಚ್ ಎರಡೂವರೆ ವರ್ಷ ಆನ್ ಆಗಿಯೇ ಇತ್ತು.

ಕೀಲಿ ತೆಗೆದಿದ್ದರೂ ಇಂಥ ಗಾಡಿ ಪೂರ್ತಿ ಮಲಗುವುದಿಲ್ಲ. ರಿಮೋಟ್ ಅಲಾರಂ ಎಚ್ಚರವಾಗಿರುತ್ತದೆ, ಒಳಗಿನ ಒಂದೆರಡು ಬಿಡಿಭಾಗಗಳು ಒಂದಿಷ್ಟು ಕರೆಂಟು ಹೀರುತ್ತಲೇ ಇರುತ್ತವೆ. ಅದು ಬರೀ 20 ಮಿಲಿ ಆಂಪಿಯರ್ ಎಂದಿಟ್ಟುಕೊಳ್ಳಿ. 20 ಆಂಪಿಯರ್ ಗಂಟೆಯ ಬ್ಯಾಟರಿ 1000 ಗಂಟೆಯಲ್ಲಿ, ಅಂದರೆ ಸುಮಾರು ನಲವತ್ತು ದಿನದಲ್ಲಿ ಬರಿದಾಗುತ್ತದೆ. ಸೀಸದ ಬ್ಯಾಟರಿ ಬರಿದಾದಾಗ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಕರಗಿ ಹಿಂದಿನ ರೂಪಕ್ಕೆ ಬರುತ್ತದೆ. ಹಾಗೆಯೇ ಬಿಟ್ಟರೆ ಹರಳುಗಟ್ಟಿ ಕಲ್ಲಿನಂತಾಗುತ್ತದೆ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ ಮೊದಲ ಸೀಸದ ಬ್ಯಾಟರಿಗೂ ಅತ್ತೆಯ ಸ್ಕೂಟರಿನ ಬ್ಯಾಟರಿಗೂ ಈ ರೋಗ ಒಂದೇ.

ನಾಲ್ಕು ಬ್ಯಾಟರಿಗಳು ಸಾಲಾಗಿ ಸೇರಿ 48 ವೋಲ್ಟ್ ಕೊಡಬೇಕು. ಒಂದೊಂದೂ ತುಂಬಿದ್ದಾಗ 12.6 ವೋಲ್ಟಿನ ಮೇಲೆ ತೋರಿಸಬೇಕು. ನನ್ನ ಮಲ್ಟಿಮೀಟರ್ ತೋರಿಸಿದ್ದು 4.1, 3.8, 9.2, 2.6. ಇಷ್ಟು ಕೆಳಗಿಳಿದರೆ ಗಾಡಿಯ ಚಾರ್ಜರ್ ಅದನ್ನು ಬ್ಯಾಟರಿ ಎಂದೇ ಒಪ್ಪುವುದಿಲ್ಲ. ಹಸಿರು ದೀಪ ಹೊತ್ತಿಸಿಕೊಂಡು ಸುಮ್ಮನಿರುತ್ತದೆ. ಅದನ್ನು ನೋಡಿ ಬ್ಯಾಟರಿ ತುಂಬಿದೆ ಎಂದುಕೊಳ್ಳುವವರನ್ನು ನಾನು ಕಂಡಿದ್ದೇನೆ. 9.2 ತೋರಿಸಿದ ಒಂದನ್ನು ಮಾತ್ರ ಪ್ರಯೋಗಾಲಯಕ್ಕೆ ಒಯ್ದು ನಿಧಾನವಾಗಿ ಚಾರ್ಜ್ ಮಾಡಿದೆ. 12.4ಕ್ಕೆ ಏರಿತು. ಕಾರಿನ ಹೆಡ್‌ಲೈಟಿನ 55 ವ್ಯಾಟ್ ಬಲ್ಬ್ ಸಿಕ್ಕಿಸಿದ ಕೂಡಲೇ 7ಕ್ಕೆ ಕುಸಿಯಿತು. ನಾಲ್ಕನ್ನೂ ಅಂಗಡಿಗೆ ಹಿಂದಿರುಗಿಸಿ, ಹಳೆಯದರ ಬೆಲೆ ಕಳೆದು, ಹೊಸದು ತಂದೆವು. ಹನ್ನೊಂದು ಸಾವಿರ ಚಿಲ್ಲರೆ ಆಯಿತು. ಅತ್ತೆ ತಮ್ಮ ಪಿಂಚಣಿಯ ಹಣದಲ್ಲಿಯೇ ಕೊಟ್ಟರು. ನನ್ನಿಂದ ತೆಗೆದುಕೊಳ್ಳಲಿಲ್ಲ.

ಹೊಸ ಬ್ಯಾಟರಿ ಕೂರಿಸುವಾಗ ಕೈಯ ಚಿನ್ನದ ಬಳೆಗಳನ್ನು ತೆಗೆದಿಟ್ಟೆ. ನನ್ನ ವಿದ್ಯಾರ್ಥಿನಿಯರಿಗೂ ಇದನ್ನು ತಪ್ಪದೆ ಹೇಳುತ್ತೇನೆ. 48 ವೋಲ್ಟ್ ಮೈಗೆ ಜೋರಾಗಿ ಹೊಡೆಯದಿರಬಹುದು. ಆದರೆ ಎರಡು ಟರ್ಮಿನಲ್‌ಗಳ ನಡುವೆ ಬಳೆ ಸಿಕ್ಕಿಕೊಂಡರೆ ಅದು ಕೆಂಪಗೆ ಕಾದು ಮಣಿಕಟ್ಟನ್ನೇ ಸುಡುತ್ತದೆ.

ಎಂಸಿಬಿ ಎತ್ತಿ ಕೀಲಿ ತಿರುಗಿಸಿದೆ. ದೀಪ ಬಂತು, ಹಾರ್ನ್ ಕೂಗಿತು, ಅತ್ತೆ ಬಾಗಿಲಲ್ಲಿ ನಿಂತು ಕೈ ಮುಗಿದರು. ಆಕ್ಸಿಲರೇಟರ್ ತಿರುಗಿಸಿದರೆ ಹಿಂದಿನ ಚಕ್ರ ಗಡಗಡನೆ ನಡುಗಿತು. ಅರ್ಧ ಗೇಣು ಮುಂದೆ, ಕಾಲು ಗೇಣು ಹಿಂದೆ. ಚಳಿಜ್ವರ ಬಂದವರ ದವಡೆಯಂತೆ ಕಟಕಟ ಸದ್ದು. ಕೈಯಿಂದ ನೂಕಿಕೊಟ್ಟರೆ ಗುರ್ರೆಂದು ನಾಲ್ಕು ಸುತ್ತು ಎಳೆದಾಡಿ ಮತ್ತೆ ನಡುಗಿ ನಿಂತಿತು.

ಮರುದಿನ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ರಿಪೇರಿ ಅಂಗಡಿಯೊಂದಕ್ಕೆ ಹೋದೆವು. ಅಲ್ಲಿನವರು ಆಕ್ಸಿಲರೇಟರನ್ನು ಒಮ್ಮೆ ತಿರುಗಿಸಿ, ಸದ್ದು ಕೇಳಿ, ‘ಮೋಟಾರ್ ಸುಟ್ಟಿದೆ. ಕಂಟ್ರೋಲರ್ ಕೂಡ ಹೋಗಿರುತ್ತದೆ. ಎರಡೂ ಸೇರಿ ಹದಿನೈದು ಸಾವಿರ. ಇಷ್ಟು ಹಳೆಯ ಗಾಡಿಗೆ ಹಾಕುವ ಬದಲು ಹೊಸದನ್ನೇ ತೆಗೆದುಕೊಳ್ಳಿ ಅಮ್ಮಾ’ ಎಂದರು. ಕಂಟ್ರೋಲರ್ ಎಂದರೆ ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹಂಚಿಕೊಡುವ ಪೆಟ್ಟಿಗೆ. ಅವರು ಮೀಟರನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ಅತ್ತೆ ಏನೂ ಮಾತನಾಡಲಿಲ್ಲ. ಹಿಂದಿರುಗುವಾಗ ಆಟೋದಲ್ಲಿ, ‘ಪರವಾಗಿಲ್ಲ ಬಿಡು, ಯಾರಾದರೂ ಬಿಡುವಾಗಿದ್ದರೆ ಎಳ್ಳು ಕೊಟ್ಟು ಬರುತ್ತಾರೆ’ ಎಂದರು. ಎಷ್ಟೋ ವರ್ಷದ ಮೇಲೆ ಅವರ ಬಾಯಲ್ಲಿ ಆ ಮಾತು ಬಂದಿತ್ತು. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಿದ್ದೆ ಬಾರದೆ ಮಾವನನ್ನು ನೆನೆದೆ. ಅತ್ತೆಯ ಗಂಡ ಶಿವನಸಮುದ್ರದ ಬ್ಲಫ್‌ನ ವಿದ್ಯುದಾಗಾರದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಈಗ ಅವರಿಲ್ಲ. 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿಗೆ ಕರೆಂಟು ಕಳಿಸಿದ ಜಾಗ ಅದು. ನನ್ನ ಬಾಲ್ಯದ ಬೇಸಿಗೆ ರಜೆಗಳೆಲ್ಲ ಅಲ್ಲಿಯೇ ಕಳೆದವು. ಬೇಸಿಗೆಯಲ್ಲಿ ಕಾವೇರಿ ಬಡವಾದಾಗ ಯಂತ್ರಗಳು ನಿಲ್ಲುತ್ತಿದ್ದವು. ಮಳೆ ಬಂದು ನದಿ ತುಂಬಿದ ಮೇಲೆ ಮತ್ತೆ ಓಡಿಸುವ ಮುನ್ನ ಏನೇನು ಮಾಡುತ್ತೇವೆ ಎಂದು ಮಾವ ಊಟಕ್ಕೆ ಕೂತಾಗ ವಿವರಿಸುತ್ತಿದ್ದರು. ಮೊದಲು ಮೆಗ್ಗರ್ ಎಂಬ ಮೀಟರ್ ಹಾಕಿ ಸುರುಳಿಗಳಿಗೆ ತೇವ ಹಿಡಿದಿದೆಯೇ ಎಂದು ಅಳೆಯುವುದು. ತೇವ ಇದ್ದರೆ ಬಿಸಿ ಕೊಟ್ಟು ಒಣಗಿಸುವುದು. ಎಣ್ಣೆ ನೋಡುವುದು. ಆಮೇಲೆ ಮೆಲ್ಲಗೆ ತಿರುಗಿಸುವುದು. ‘ನಿಂತ ಯಂತ್ರಕ್ಕೆ ಏನಾಗಿರಬಹುದು ಎಂದು ಕೇಳಬೇಕು. ಏನಾಗಿರಲಾರದು ಎಂದೂ ಕೇಳಬೇಕು’ ಎನ್ನುತ್ತಿದ್ದರು. ಎರಡನೆಯ ಮಾತಿನ ಬೆಲೆ ನನಗೆ ಅಂದು ರಾತ್ರಿ ಗೊತ್ತಾಯಿತು.

ಮೋಟಾರಿನ ಸುರುಳಿ ಸುಡಬೇಕಾದರೆ ಅದರಲ್ಲಿ ವಿಪರೀತ ಕರೆಂಟು ಹರಿಯಬೇಕು. ನಲವತ್ತು ದಿನಕ್ಕೆ ಬ್ಯಾಟರಿ ಬರಿದಾಗಿ ಎರಡೂವರೆ ವರ್ಷ ಅಲುಗಾಡದೆ ನಿಂತ ಗಾಡಿಯಲ್ಲಿ ಯಾವ ಕರೆಂಟು ಹರಿದೀತು? ನಿಲ್ಲಿಸಿದ ದಿನ ಅತ್ತೆ ತಾವೇ ಅದನ್ನು ಓಡಿಸಿಕೊಂಡು ಬಂದು ಹಿತ್ತಲಿಗೆ ಬಿಟ್ಟಿದ್ದರು. ಅಂದು ಚೆನ್ನಾಗಿ ಓಡುತ್ತಿತ್ತು. ಹಾಗಾದರೆ ಈ ನಡುವೆ ಅದನ್ನು ಮುಟ್ಟಿದವರು ಯಾರು? ಗಾಳಿ, ಮಳೆಯ ಎರಚಲು, ಇಲಿ, ಕಣಜ. ಇವುಗಳ ಕೈಯಲ್ಲಿ ಏನು ಕೆಡಬಹುದೋ ಅದೇ ಕೆಟ್ಟಿರಬೇಕು. ನಾನು ಬೆಂಕಿಯನ್ನು ಬಿಟ್ಟು ನೀರನ್ನು ಹುಡುಕಬೇಕಿತ್ತು.

ಭಾನುವಾರ ಬೆಳಗ್ಗೆ ಆರಕ್ಕೆ ಶುರು ಮಾಡಿದೆ. ಸೈಡ್ ವೀಲ್‌ಗಳ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟು ಹಿಂದಿನ ಚಕ್ರವನ್ನು ನೆಲದಿಂದ ಎತ್ತಿದೆ. ಈ ಗಾಡಿಯಲ್ಲಿ ಮೋಟಾರ್ ಬೇರೆ, ಚಕ್ರ ಬೇರೆ ಅಲ್ಲ. ಚಕ್ರದ ಹೊಟ್ಟೆಯೇ ಮೋಟಾರು. ಅಲ್ಲಿಂದ ಮೂರು ದಪ್ಪ ತಂತಿಗಳು ಹೊರಬರುತ್ತವೆ. ಹಳದಿ, ಹಸಿರು, ನೀಲಿ. ಸುರುಳಿಗಳಿಗೆ ಕರೆಂಟು ಹೋಗುವುದು ಅವುಗಳಲ್ಲಿ. ಜೊತೆಗೆ ಐದು ಸಣ್ಣ ತಂತಿಗಳು, ಅವುಗಳ ಕಥೆ ಆಮೇಲೆ.

ಎಂಸಿಬಿ ಇಳಿಸಿ, ಮೂರು ದಪ್ಪ ತಂತಿಗಳನ್ನು ಕಂಟ್ರೋಲರಿನಿಂದ ಬಿಡಿಸಿದೆ. ಚಕ್ರವನ್ನು ಬೆರಳಿನಿಂದ ತಳ್ಳಿದರೆ ಹಗುರವಾಗಿ ಸುತ್ತಿತು. ಬೇರಿಂಗ್ ಹಿಡಿದಿಲ್ಲ. ಆಮೇಲೆ ಹಳದಿಗೂ ಹಸಿರಿಗೂ ತುದಿ ಮುಟ್ಟಿಸಿ ತಿರುಗಿಸಿದೆ. ಈಗ ಚಕ್ರ ತಡೆದು ತಡೆದು ಭಾರವಾಗಿ ತಿರುಗಿತು, ಒದ್ದೆ ಮಣ್ಣಿನಲ್ಲಿ ಎಳೆದಂತೆ. ಹಸಿರಿಗೂ ನೀಲಿಗೂ ಮುಟ್ಟಿಸಿದರೆ ಅಷ್ಟೇ ಭಾರ. ನೀಲಿಗೂ ಹಳದಿಗೂ ಅಷ್ಟೇ. ತುದಿಗಳು ಕೂಡಿದಾಗ, ತಿರುಗುವ ಮೋಟಾರ್ ತಾನೇ ಹುಟ್ಟಿಸಿದ ಕರೆಂಟು ಚಕ್ರವನ್ನು ತಡೆಯುತ್ತದೆ. ಈ ಪರೀಕ್ಷೆಗೆ ಮೀಟರೇ ಬೇಡ, ಅಂಗೈ ಸಾಕು. ಸುರುಳಿಯ ಪ್ರತಿರೋಧ ಒಂದು ಓಮ್‌ಗಿಂತಲೂ ಬಹಳ ಕಡಿಮೆ. ಸಾಧಾರಣ ಮಲ್ಟಿಮೀಟರಿಗೆ ಅದರಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಆದರೆ ಒಂದು ಸುರುಳಿ ಕಡಿದಿದ್ದರೆ ಆ ಜೋಡಿಯಲ್ಲಿ ಚಕ್ರ ಹಗುರವಾಗಿಯೇ ಇರುತ್ತಿತ್ತು. ಒಳಗೆ ಒಂದಕ್ಕೊಂದು ಅಂಟಿಕೊಂಡಿದ್ದರೆ ತುದಿ ಮುಟ್ಟಿಸದಿದ್ದಾಗಲೂ ಭಾರವಾಗಿ ತಿರುಗುತ್ತಿತ್ತು. ಮೂರು ಜೋಡಿಯೂ ಸಮ ಭಾರ ಎಂದರೆ ಸುರುಳಿಗಳು ಚೆನ್ನಾಗಿವೆ. ಅಕ್ಷದ ಬಳಿ ಮೂಗು ಇಟ್ಟು ನೋಡಿದೆ. ಸುಟ್ಟ ವಾರ್ನಿಷ್‌ನ ಕಟು ವಾಸನೆ ಇರಲಿಲ್ಲ, ಒದ್ದೆ ಸೆಣಬಿನ ವಾಸನೆ ಇತ್ತು. ಸುರುಳಿಗೂ ಮೋಟಾರಿನ ಮೈಗೂ ಸಂಪರ್ಕ ಇದೆಯೇ ಎಂದು ಮೀಟರಿನಲ್ಲಿಯೇ ನೋಡಿದೆ, ಇರಲಿಲ್ಲ. ಮಾವನಂತೆ ಮೆಗ್ಗರ್ ಹಾಕುವ ಆಸೆಯಾಯಿತು. ಆದರೆ ಅದರ 500 ವೋಲ್ಟ್ ಈ ಮೋಟಾರಿನ ಒಳಗಿರುವ ಸೂಕ್ಷ್ಮ ಸಂವೇದಕಗಳನ್ನು ಕೊಲ್ಲಬಹುದು. ಬೇಡವೆಂದು ಬಿಟ್ಟೆ.

ಕಂಟ್ರೋಲರನ್ನೂ ಮುಗಿಸಿದೆ. ಬ್ಯಾಟರಿಯ ಎರಡು ತಂತಿಗಳಿಂದ ಮೂರು ಹೊರದಾರಿಗಳಿಗೆ ಡಯೋಡ್ ಪರೀಕ್ಷೆ ಮಾಡಿದರೆ ಆರೂ ಕಡೆ ಸುಮಾರು 0.5 ವೋಲ್ಟ್, ಒಂದಕ್ಕೊಂದು ಅಣ್ಣತಮ್ಮಂದಿರಂತೆ. ಒಳಗಿನ ಟ್ರಾನ್ಸಿಸ್ಟರ್ ಯಾವುದಾದರೂ ಸುಟ್ಟಿದ್ದರೆ ಅಲ್ಲಿ ಸೊನ್ನೆ ಬರುತ್ತಿತ್ತು. ಆಕ್ಸಿಲರೇಟರಿನ ಸಂಕೇತ 0.8ರಿಂದ 3.6ರವರೆಗೆ ಸರಾಗವಾಗಿ ಏರಿತು. ಬ್ರೇಕಿನ ಸ್ವಿಚ್ ಅಂಟಿಕೊಂಡಿದ್ದರೆ ಮೋಟಾರ್ ನಡುಗುತ್ತಲೂ ಇರಲಿಲ್ಲ, ಸುಮ್ಮನೆ ಇರುತ್ತಿತ್ತು. ಅಂಗಡಿಯಲ್ಲಿ ಸತ್ತಿವೆ ಎಂದು ಹೇಳಿಸಿಕೊಂಡ ಎರಡೂ ಹೀಗೆ ಬೆಳಗಿನ ತಿಂಡಿಯ ಹೊತ್ತಿಗೆ ಬದುಕಿದ್ದವು. ಅತ್ತೆ ಅವರೆಕಾಳಿನ ಉಪ್ಪಿಟ್ಟು ತಂದು ಒಗೆಯುವ ಕಲ್ಲಿನ ಮೇಲೆ ಇಟ್ಟು, ಅಲ್ಲಿಯೇ ಕುರ್ಚಿ ಹಾಕಿಕೊಂಡು ಕೂತರು.

ಇನ್ನು ಆ ಐದು ಸಣ್ಣ ತಂತಿಗಳು. ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿ ಒಂದು ಸಂಗತಿ ಕಂಡುಹಿಡಿದರು. ಕರೆಂಟು ಹರಿಯುವ ಹಾಳೆಯ ಬಳಿ ಅಯಸ್ಕಾಂತ ತಂದರೆ ಹಾಳೆಯ ಅಡ್ಡಕ್ಕೆ ಸಣ್ಣದೊಂದು ವೋಲ್ಟೇಜ್ ಹುಟ್ಟುತ್ತದೆ. ಅದೇ ತತ್ವದ, ಜೀರಿಗೆಗಿಂತ ತುಸು ದಪ್ಪನೆಯ ಮೂರು ಸಂವೇದಕಗಳು ಮೋಟಾರಿನ ಒಳಗಿವೆ. ತಿರುಗುವ ಅಯಸ್ಕಾಂತಗಳು ಈ ಕ್ಷಣ ಎಲ್ಲಿವೆ ಎಂದು ಅವು ಕಂಟ್ರೋಲರಿಗೆ ಹೇಳುತ್ತವೆ. ಅದನ್ನು ಕೇಳಿಕೊಂಡು ಕಂಟ್ರೋಲರ್ ಯಾವ ಸುರುಳಿಗೆ ಕರೆಂಟು ಕೊಡಬೇಕೆಂದು ತೀರ್ಮಾನಿಸುತ್ತದೆ. ಅಯಸ್ಕಾಂತದ ಒಂದು ಜೋಡಿ ದಾಟುವಷ್ಟರಲ್ಲಿ ಇಂಥ ಆರು ಹೆಜ್ಜೆಗಳು. ಕೋಲಾಟದಂತೆ ಇದು. ಒಬ್ಬರು ಲೆಕ್ಕ ತಪ್ಪಿದರೆ ಕೋಲಿಗೆ ಕೋಲು ಸಿಗುವುದಿಲ್ಲ.

ಕೀಲಿ ತಿರುಗಿಸಿ, ಸೀಟಿನ ಕೆಳಗೆ ಆ ಐದು ತಂತಿಗಳು ಸೇರುವ ಬಿಳಿ ಕನೆಕ್ಟರಿನ ಹಿಂಬದಿಯಿಂದ ಮೀಟರಿನ ಮೊನೆ ತೂರಿಸಿದೆ. ಕೆಂಪು ಮತ್ತು ಕಪ್ಪಿನ ನಡುವೆ 4.9 ವೋಲ್ಟ್. ಸಂವೇದಕಗಳಿಗೆ ಊಟ ಹೋಗುತ್ತಿದೆ. ಹಳದಿಗೆ ಮೊನೆ ಇಟ್ಟು ಅತ್ತೆಗೆ ಚಕ್ರವನ್ನು ಮೆಲ್ಲಗೆ ತಿರುಗಿಸಲು ಹೇಳಿದೆ. ಸೊನ್ನೆ, ಐದು, ಸೊನ್ನೆ, ಐದು. ನೀಲಿಯೂ ಹಾಗೆಯೇ. ಹಸಿರಿಗೆ ಇಟ್ಟೆ. ಐದು. ಅತ್ತೆ ತಿರುಗಿಸಿದರು. ಐದು. ಪೂರ್ತಿ ಒಂದು ಸುತ್ತು ಬಂತು. ಐದೇ.

ಒಂದು ಸಂಕೇತ ಹೀಗೆ ಮೇಲೆಯೇ ನಿಂತರೆ ಆರು ಹೆಜ್ಜೆಗಳಲ್ಲಿ ಮೂರು ಮಾತ್ರ ಸರಿ ಹೋಗುತ್ತವೆ. ಉಳಿದ ಮೂರರಲ್ಲಿ ಕಂಟ್ರೋಲರ್ ತಪ್ಪು ಸುರುಳಿಗೆ ಕರೆಂಟು ಕೊಡುತ್ತದೆ, ಇಲ್ಲವೇ ಏನೂ ತೋಚದೆ ಸುಮ್ಮನಾಗುತ್ತದೆ. ಅದಕ್ಕೇ ಆ ನಡುಕ, ಆ ಮುಂದೆ ಹಿಂದೆ. ಇಲ್ಲಿ ಕೆಲವರು ತಂತಿಗಳ ಬಣ್ಣ ಅದಲು ಬದಲು ಮಾಡಿ ನೋಡಿ ಎಂದು ಸಲಹೆ ಕೊಡುತ್ತಾರೆ. ಹೊಸ ಮೋಟಾರ್ ಜೋಡಿಸುವಾಗ ಅದು ಸರಿ. ಓಡುತ್ತಿದ್ದ ಗಾಡಿಯಲ್ಲಿ ನಿಂತಲ್ಲಿಯೇ ತಂತಿಗಳು ಜಾಗ ಬದಲಿಸಿಕೊಳ್ಳುವುದಿಲ್ಲ. ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ, ಒಂದು ತೊಂದರೆ ಎರಡಾಗುತ್ತದೆ.

ಆದರೆ ಸತ್ತದ್ದು ಸಂವೇದಕವೋ ದಾರಿಯೋ? ಸಂವೇದಕ ಸತ್ತಿದ್ದರೆ ಮೋಟಾರನ್ನು ಬಿಚ್ಚಬೇಕು. ಒಳಗಿನ ಅಯಸ್ಕಾಂತಗಳ ಸೆಳೆತಕ್ಕೆ ಬೆರಳು ಜಜ್ಜಿಹೋಗುವ ಕೆಲಸ ಅದು. ಈ ಸಂವೇದಕದ ಒಂದು ಗುಣ ಇಲ್ಲಿ ನೆರವಿಗೆ ಬಂತು. ಅದು ತಾನಾಗಿ ಐದು ವೋಲ್ಟ್ ಕೊಡುವುದಿಲ್ಲ. ಅಯಸ್ಕಾಂತ ಕಂಡಾಗ ತಂತಿಯನ್ನು ಸೊನ್ನೆಗೆ ಎಳೆಯುತ್ತದೆ, ಹೋದಾಗ ಕೈ ಬಿಡುತ್ತದೆ ಅಷ್ಟೆ. ಕೈ ಬಿಟ್ಟಾಗ ಮೇಲಕ್ಕೆತ್ತಿ ಹಿಡಿಯುವುದು ಕಂಟ್ರೋಲರ್ ಒಳಗಿನ ರೆಸಿಸ್ಟರ್. ಆದ್ದರಿಂದ ದಾರಿ ಕಡಿದರೂ ಕಂಟ್ರೋಲರ್ ಕಡೆ ಐದೇ ಕಾಣುತ್ತದೆ. ನಾನು ಕನೆಕ್ಟರಿನ ಮೋಟಾರ್ ಬದಿಯಲ್ಲಿ ಕೆಂಪಿಗೂ ಹಸಿರಿಗೂ ನಡುವೆ ಹತ್ತು ಕಿಲೋ ಓಮ್‌ನ ರೆಸಿಸ್ಟರ್ ಒಂದನ್ನು ಹಿಡಿದೆ. ‘ಈಗ ತಿರುಗಿಸಿ ಅತ್ತೆ’ ಎಂದೆ. ಐದು, ಸೊನ್ನೆ, ಐದು, ಸೊನ್ನೆ.

ಸಂವೇದಕ ಬದುಕಿತ್ತು. ನನ್ನ ಕಣ್ಣು ಮಂಜಾಯಿತು.

ಎಂಸಿಬಿ ಇಳಿಸಿ ಕನೆಕ್ಟರ್ ಬಿಡಿಸಿ ಬಿಸಿಲಿಗೆ ಹಿಡಿದೆ. ಐದು ಪಿನ್ನುಗಳಲ್ಲಿ ನಾಲ್ಕು ಮಂಕಾಗಿದ್ದವು. ಐದನೆಯದು, ಹಸಿರು ತಂತಿಯದು, ತಾನೂ ಹಸಿರಾಗಿತ್ತು. ಹಿತ್ತಾಳೆಯ ಪಿನ್ನಿಗೂ ತಾಮ್ರದ ಎಳೆಗಳಿಗೂ ಕಿಲುಬು ಹಿಡಿದು, ಎರಡೂ ಕೂಡುವ ಜಾಗವೇ ಪುಡಿಯಾಗಿತ್ತು. ಉಗುರು ತಾಕಿಸಿದರೆ ಉದುರಿತು. ತಗಡಿನ ಅಂಚಿನಿಂದ ಎರಚಿದ ಮಳೆ ತಂತಿಯ ಗುಂಟ ಇಳಿದು ಅಲ್ಲಿ ನಿಲ್ಲುತ್ತಿದ್ದಿರಬೇಕು. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು ಎಂದು ನಮ್ಮ ಭಾಷೆ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿ ಹೆಸರಿಟ್ಟಿದೆ. ಹಿತ್ತಾಳೆಯ ಕೊಳಗದಲ್ಲಿ ಅಡುಗೆ ಮಾಡಿದ ಹೆಂಗಸರು ಕೊಟ್ಟ ಹೆಸರಿರಬೇಕು ಎಂದು ನನಗೆ ಅನ್ನಿಸುತ್ತದೆ.

ಅತ್ತೆ ಬಗ್ಗಿ ನೋಡಿ, ‘ಕಿಲುಬು ತಾನೇ? ಹುಣಸೆಹಣ್ಣು ತರಲೇ?’ ಎಂದರು. ಅವರ ಮಾತು ಸರಿಯಾದದ್ದೇ. ಹುಣಸೆಯ ಹುಳಿ ಕಿಲುಬನ್ನು ಕರಗಿಸುತ್ತದೆ. ಪಾತ್ರೆಯನ್ನಾದರೆ ಆಮೇಲೆ ನೀರು ಹೊಯ್ದು ತೊಳೆಯುತ್ತೇವೆ. ಪಿನ್ನಿನ ಸಂದಿಯಲ್ಲಿ ಹುಳಿ ಉಳಿದರೆ ಮತ್ತೆ ತಿನ್ನಲು ಶುರು ಮಾಡುತ್ತದೆ. ಹಾಗೆಂದು ಹೇಳಿದೆ, ಒಪ್ಪಿದರು. ನಾನು ತಂತಿಯನ್ನು ಒಂದು ಅಂಗುಲ ಹಿಂದಕ್ಕೆ, ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿದೆ. ಎರಡೂ ಬದಿಗೆ ಹೊಸ ಪಿನ್ ಒತ್ತಿ, ತುಸು ಸೀಸ ಹಾಯಿಸಿ, ಮೇಲೆ ಸ್ಲೀವ್ ಎಳೆದೆ. ಉಳಿದ ನಾಲ್ಕನ್ನೂ ಹಾಗೆಯೇ ಬದಲಿಸಿದೆ. ಅವು ಇನ್ನೊಂದು ಮಳೆಗಾಲ ತಡೆಯುತ್ತಿರಲಿಲ್ಲ. ಇಲಿ ಕಡಿದ ತಂತಿಗೂ ಸ್ಲೀವ್ ಬಿತ್ತು. ಎಲ್ಲ ಸೇರಿ ಖರ್ಚಾದದ್ದು ನೂರು ರೂಪಾಯಿಯ ಒಳಗೆ.

ದಪ್ಪ ತಂತಿಗಳನ್ನು ಮತ್ತೆ ಜೋಡಿಸಿ ಕೀಲಿ ತಿರುಗಿಸುವಾಗ ಹನ್ನೊಂದೂವರೆ. ಆಕ್ಸಿಲರೇಟರನ್ನು ತಿರುಗಿಸಲು ಅತ್ತೆಗೇ ಹೇಳಿದೆ. ಅವರು ಕುರ್ಚಿಯಿಂದಲೇ ಕೈ ಚಾಚಿ, ಮಗುವಿನ ಕೆನ್ನೆ ಮುಟ್ಟುವಷ್ಟು ಮೆಲ್ಲಗೆ ತಿರುಗಿಸಿದರು. ಚಕ್ರ ನಡುಗಲಿಲ್ಲ. ಸುಯ್ ಎಂದು ಹೊರಟಿತು. ಇನ್ನಷ್ಟು ತಿರುಗಿಸಿದರು. ಕಡ್ಡಿಗಳು ಒಂದಕ್ಕೊಂದು ಬೆರೆತು ಮಬ್ಬಾದವು. ಟೈರಿಗೆ ಅಂಟಿದ್ದ ಒಣ ಮಣ್ಣು ಸಿಡಿದು ನನ್ನ ಮುಖಕ್ಕೆಲ್ಲ ಬಿತ್ತು. ಅತ್ತೆ ಬಿಡದೆ ತಿರುಗಿಸುತ್ತಲೇ ಇದ್ದರು.

ಸಂಕ್ರಾಂತಿಯ ಹಿಂದಿನ ದಿನ ಬ್ಯಾಟರಿ ತುಂಬಿಸಿ, ಟೈರಿಗೆ ಗಾಳಿ ಹೊಡೆಸಿ, ಕನೆಕ್ಟರನ್ನು ಸೀಟಿನ ಅಡಿಯಿಂದ ಮೇಲಕ್ಕೆತ್ತಿ ನೀರು ನಿಲ್ಲದಂತೆ ಕಟ್ಟಿದೆ. ಸೀಟಿನ ಒಳಮೈಗೆ ಒಂದು ಚೀಟಿ ಅಂಟಿಸಿದೆ: ‘ಊರಿಗೆ ಹೋಗುವಾಗ ಎಂಸಿಬಿ ಇಳಿಸುವುದು. ತಿಂಗಳಿಗೊಮ್ಮೆ ಚಾರ್ಜ್.’ ಅದರ ಕೆಳಗೆ ನನ್ನ ಮೊಬೈಲ್ ಸಂಖ್ಯೆ. ಚಾರ್ಜ್ ಮಾಡಿದ ದಿನವನ್ನು ತಗಡಿನ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಎಂದು ಅತ್ತೆಯೇ ಗೊತ್ತು ಮಾಡಿದರು. ಹಾಲಿನ ಲೆಕ್ಕ ಬರೆಯುವ ಅಭ್ಯಾಸ ಅವರಿಗೆ.

ಹಬ್ಬದ ದಿನ ಹತ್ತು ಗಂಟೆಗೆ ಅತ್ತೆ ಹೊರಟರು. ರೇಷ್ಮೆ ಸೀರೆ, ಬುಟ್ಟಿಯಲ್ಲಿ ಊರುಗೋಲು, ಅದರ ಪಕ್ಕದಲ್ಲಿ ಎಳ್ಳು ಬೆಲ್ಲದ ದೊಡ್ಡ ಸ್ಟೀಲ್ ಡಬ್ಬಿ, ಸಕ್ಕರೆ ಅಚ್ಚಿನ ಪೊಟ್ಟಣ, ಎರಡು ತುಂಡು ಕಬ್ಬು. ಜೊತೆಗೆ ಬರುತ್ತೇನೆ ಎಂದೆ. ಬೇಡ ಎಂದರು. ಮಧ್ಯಾಹ್ನ ಎರಡಕ್ಕೆ ಗೇಟಿನಲ್ಲಿ ಹಾರ್ನ್ ಕೇಳಿಸಿತು. ಡಬ್ಬಿ ಖಾಲಿಯಾಗಿತ್ತು. ಬುಟ್ಟಿಯಲ್ಲಿ ಬೇರೆ ಮನೆಗಳ ಎಳ್ಳು, ಬಾಳೆಹಣ್ಣು, ಎಲೆ ಅಡಿಕೆ ತುಂಬಿದ್ದವು. ಹಿತ್ತಲಿಗೆ ಗಾಡಿ ಬಿಟ್ಟು, ಸೀಟು ಎತ್ತಿ, ಎಂಸಿಬಿಯನ್ನು ಟಕ್ ಎಂದು ಅವರೇ ಇಳಿಸಿದರು.

‘ಮೋಟಾರ್ ಚೆನ್ನಾಗಿದೆ ಮಗಳೇ. ಆದರೆ ಬ್ರೇಕ್ ಹಿಡಿದರೆ ಹಿಂದಿನಿಂದ ಕೀರಲು ಸದ್ದು ಬರುತ್ತದೆ, ನೋಡು’ ಎಂದರು.

ಡ್ರಮ್ಮಿನ ಒಳಗೆ ತುಕ್ಕು ಇರಬೇಕು. ಒಗೆಯುವ ಕಲ್ಲಿನ ಪಕ್ಕದ ಆ ನಾಲ್ಕು ಇಟ್ಟಿಗೆಗಳನ್ನು ನಾನು ಇನ್ನೂ ತೆಗೆದಿಟ್ಟಿರಲಿಲ್ಲ.